ಕೆಲಸವೇ ಕಾಣದ ಕೆಲಸದ ಕಾರ್ಯಕ್ರಮ

ಟಿವಿಯ ರಿಯಾಲಿಟಿ ಕಾರ್ಯಕ್ರಮಗಳಲ್ಲಿ ಹಲವು ಬಗೆ ಇವೆ. ಹಾಡಿನವು, ಕುಣಿತದವು, ಅಡುಗೆಯವು. ಇವುಗಳ ನಡುವೆ ಕೆಲಸದ ಜಾಗವನ್ನೇ ರಂಗಸ್ಥಳ ಮಾಡಿಕೊಂಡ ಬಗೆಯೊಂದಿದೆ. ಗ್ಯಾರೇಜು, ಮೀನು ಹಿಡಿಯುವ ದೋಣಿ, ವಿಮಾನ ನಿಲ್ದಾಣ, ಲಾರಿಯ ಕ್ಯಾಬಿನ್ನು, ಕಚೇರಿ, ಹೊಲ, ಕೊಟ್ಟಿಗೆ. ಅಲ್ಲಿ ಕಾಣಿಸಿಕೊಳ್ಳುವವರು ನಟರಲ್ಲ. ಮಾತು ಯಾರೂ ಬರೆದುಕೊಟ್ಟದ್ದಲ್ಲ. ಹಾಗೆಂದು ವಾಹಿನಿ ಹೇಳುತ್ತದೆ. ಇಂಥ ಕಾರ್ಯಕ್ರಮ ಮೊದಲ ಎರಡು ಮೂರು ಸೀಸನ್ ಭರ್ಜರಿಯಾಗಿ ಓಡುತ್ತದೆ. ಆಮೇಲೆ ನೋಡುವವರು ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತಾರೆ. ವರ್ಷಗಟ್ಟಲೆ ನಡೆದ ಕಾರ್ಯಕ್ರಮ ಯಾವಾಗ ನಿಂತಿತೆಂದು ಎಷ್ಟೋ ಮಂದಿಗೆ ಗೊತ್ತೇ ಆಗುವುದಿಲ್ಲ. ಕೇಳುಗರೇ, ಹೀಗೇಕೆ ಆಗುತ್ತದೆ ಎಂಬುದು ಇಂದಿನ ಭಾಷಣದ ವಿಷಯ.

ಈ ಪ್ರಶ್ನೆಗೆ ಅತ್ತಿಬೆಲೆಯಂಥ ಊರಿನಲ್ಲಿ ವಿಶೇಷ ಅರ್ಥವಿದೆ. ಅತ್ತಿಬೆಲೆ ಆನೇಕಲ್ ತಾಲ್ಲೂಕಿನ ಗಡಿ ಊರು. ರಾಷ್ಟ್ರೀಯ ಹೆದ್ದಾರಿ 44 ಇಲ್ಲಿಂದ ತಮಿಳುನಾಡಿಗೆ ದಾಟುತ್ತದೆ. ಆಚೆ ಹೊಸೂರು. ಈಚೆ ಚಂದಾಪುರ, ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿ. ಸುತ್ತ ಕೈಗಾರಿಕಾ ಪ್ರದೇಶ. ಇಲ್ಲಿನ ದಿನ ಗಡಿಯಾರದ ಪ್ರಕಾರ ಹರಿಯುವುದಿಲ್ಲ, ಶಿಫ್ಟಿನ ಪ್ರಕಾರ ಹರಿಯುತ್ತದೆ. ಫಸ್ಟ್ ಶಿಫ್ಟ್, ಸೆಕೆಂಡ್ ಶಿಫ್ಟ್, ನೈಟ್. ಸೆಕೆಂಡ್ ಶಿಫ್ಟ್ ಮುಗಿಸಿದವರು ಕಂಪನಿ ಬಸ್ಸು ಇಳಿದು ರೂಮು ಸೇರುವಾಗ ರಾತ್ರಿ ಹತ್ತು ದಾಟಿರುತ್ತದೆ. ಒಂಬತ್ತೂವರೆಯ ಕಾರ್ಯಕ್ರಮವನ್ನು ಅವರು ಊಟದ ತಟ್ಟೆಯ ಪಕ್ಕ ಫೋನು ಆನಿಸಿಟ್ಟುಕೊಂಡು ನೋಡುತ್ತಾರೆ. ದಿನಕ್ಕೆ ಎಂಟು ಗಂಟೆ ಲೈನಿನಲ್ಲಿ ನಿಂತವರು ಇವರು. ಟಾರ್ಗೆಟ್ ಎಂದರೇನು, ಸೂಪರ್‌ವೈಸರ್ ಎಂದರೇನು, ಮಷಿನ್ ಕೆಟ್ಟು ನಿಂತರೆ ಏನಾಗುತ್ತದೆ ಎಂದು ಇವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಟಿವಿಯಲ್ಲಿ ತೋರಿಸುವ ಕೆಲಸ ನಿಜವೋ ನಾಟಕವೋ ಎಂಬುದನ್ನು ಮೊದಲು ಕಂಡುಹಿಡಿಯುವವರೂ ಇಂಥವರೇ. ವಿಮರ್ಶಕರಿಗಿಂತ ಬೇಗ.

ಮೊದಲು ಈ ಬಗೆಯ ಹುಟ್ಟನ್ನು ನೋಡಬೇಕು. 1990ರ ದಶಕದ ನಡುವಿನಲ್ಲಿ ಬ್ರಿಟನ್ನಿನಲ್ಲಿ ಇದಕ್ಕೆ ಒಂದು ಖಚಿತ ರೂಪ ಬಂತು. ಹಗುರವಾದ ವಿಡಿಯೊ ಕ್ಯಾಮೆರಾಗಳು ಬಂದಿದ್ದವು. ಇಬ್ಬರೋ ಮೂವರೋ ಸೇರಿ ಚಿತ್ರೀಕರಣ ಮಾಡಬಹುದಿತ್ತು. ನಟರ ಸಂಭಾವನೆ ಇಲ್ಲ, ಸೆಟ್ಟಿನ ಖರ್ಚಿಲ್ಲ. ವಾಹಿನಿಗಳಿಗೆ ಧಾರಾವಾಹಿಗಿಂತ ಇದು ಎಷ್ಟೋ ಅಗ್ಗ. 1996ರಲ್ಲಿ ಬಿಬಿಸಿ ಲಂಡನ್ನಿನ ಹೀಥ್ರೊ ನಿಲ್ದಾಣದ ಸಿಬ್ಬಂದಿಯನ್ನು ಹಿಂಬಾಲಿಸಿ 'ಏರ್‌ಪೋರ್ಟ್' ಎಂಬ ಸರಣಿ ಮಾಡಿತು. ಮರುವರ್ಷ ವಾಹನ ಚಾಲನೆ ಕಲಿಸುವ ಶಾಲೆಗಳ ಮೇಲೆ 'ಡ್ರೈವಿಂಗ್ ಸ್ಕೂಲ್' ಬಂತು. ಡ್ರೈವಿಂಗ್ ಕಲಿಯುವುದನ್ನು ನೋಡಲು ಒಂದು ಕೋಟಿಗೂ ಹೆಚ್ಚು ಜನ ಟಿವಿ ಮುಂದೆ ಕೂತರು. ಇದನ್ನು ಯಾರೂ ನಿರೀಕ್ಷಿಸಿರಲಿಲ್ಲ.

ಜನ ಕೂತದ್ದು ಏಕೆ? ಕೆಲಸ ನೋಡುವುದರಲ್ಲಿ ಒಂದು ಸುಖವಿದೆ. ಕುಂಬಾರ ತಿಗರಿ ತಿರುಗಿಸುವಾಗ, ಕಮ್ಮಾರ ಕುಲುಮೆಯ ಮುಂದೆ ನಿಂತಾಗ, ದಾರಿಹೋಕ ಒಂದು ಗಳಿಗೆ ನಿಲ್ಲುತ್ತಾನೆ. ಗೊತ್ತಿಲ್ಲದ ಕೆಲಸ, ಅದರಲ್ಲಿ ಪಳಗಿದ ಕೈ, ಕೆಟ್ಟುಹೋಗುವ ಅಪಾಯ, ಮುಗಿಸಬೇಕಾದ ಗಡುವು. ಈ ನಾಲ್ಕು ಸೇರಿದರೆ ಸಾಕು, ಬೇರೆ ಕಥೆ ಬೇಡ. ಕೆಲಸದ ರಿಯಾಲಿಟಿ ಕಾರ್ಯಕ್ರಮದ ಬಂಡವಾಳ ಇಷ್ಟೇ. ಅದು ಕರಗುವುದೂ ಇಲ್ಲಿಂದಲೇ.

ಕೇಳುಗರೇ, ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಈ ಕಾರ್ಯಕ್ರಮಗಳು ಅಗ್ಗದ ಕ್ಯಾಮೆರಾದಿಂದ ಹುಟ್ಟಿದವು. ಪಳಗಿದ ಕೈಯ ಕೆಲಸ ನೋಡುವ ಆಸೆಯಿಂದ ಬೆಳೆದವು. ಇನ್ನು ಅವು ಸಪ್ಪೆಯಾಗುವ ಬಗೆಯನ್ನು ನೋಡೋಣ.

ಅಮೆರಿಕದ ಡಿಸ್ಕವರಿ ವಾಹಿನಿಯಲ್ಲಿ 2003ರಲ್ಲಿ ಆರಂಭವಾದ 'ಅಮೆರಿಕನ್ ಚಾಪರ್' ಒಳ್ಳೆಯ ಉದಾಹರಣೆ. ಪಾಲ್ ಟ್ಯೂಟಲ್ ಎಂಬ ತಂದೆ, ಅದೇ ಹೆಸರಿನ ಮಗ. ನ್ಯೂಯಾರ್ಕ್ ರಾಜ್ಯದಲ್ಲಿ ಅವರದೊಂದು ಬೈಕ್ ಕಾರ್ಖಾನೆ. ಕಂತಿಗೊಂದು ಅಥವಾ ಎರಡು ಕಂತಿಗೊಂದು ಹೊಸ ಬೈಕು. ಜೇಡರಬಲೆಯಂತೆ ಕಾಣುವ ಬೈಕು, ಅಗ್ನಿಶಾಮಕ ವಾಹನವನ್ನು ಹೋಲುವ ಬೈಕು, ಜೆಟ್ ವಿಮಾನದಂಥ ಬೈಕು. ಮೊದಲ ಕಂತುಗಳಲ್ಲಿ ಕಬ್ಬಿಣದ ಕೆಲಸ ಚೆನ್ನಾಗಿ ಕಾಣುತ್ತಿತ್ತು. ತಗಡು ಬಾಗಿಸುವುದು, ಪೆಟ್ರೋಲ್ ಟ್ಯಾಂಕಿನ ಆಕಾರ ತಿದ್ದುವುದು, ಜೋಡಿಸಿ ನೋಡಿ ಮತ್ತೆ ಬಿಚ್ಚುವುದು. ಮನಸ್ಸಿನಲ್ಲಿದ್ದ ಆಕಾರ ಲೋಹದಲ್ಲಿ ಮೂಡುವುದನ್ನು ನೋಡಬಹುದಿತ್ತು.

ಮಧ್ಯೆ ಅಪ್ಪ ಮಗನ ಜಗಳವೂ ಇತ್ತು. ಅಪ್ಪನಿಗೆ ಕೆಲಸ ಬೇಗ ಮುಗಿಯಬೇಕು, ವರ್ಕ್‌ಶಾಪು ಗುಡಿಸಿದಂತಿರಬೇಕು. ಮಗನಿಗೆ ಅನಿಸಿದಾಗ ಮಾಡಬೇಕು, ಅನಿಸಿದಂತೆ ಮಾಡಬೇಕು. ಇದು ಯಾವ ಊರಿನ ವರ್ಕ್‌ಶಾಪಿನಲ್ಲೂ ಇರುವ ಜಗಳ. ಕೆಲಸದಿಂದಲೇ ಹುಟ್ಟಿದ್ದರಿಂದ ಅದಕ್ಕೆ ತೂಕವಿತ್ತು. ಆದರೆ ನಿರ್ಮಾಪಕರಿಗೆ ಬೇಗ ಒಂದು ಲೆಕ್ಕ ಹೊಳೆಯಿತು. ಬೆಸುಗೆ ತೋರಿಸುವುದಕ್ಕಿಂತ ಬೈಗುಳ ತೋರಿಸುವುದು ಸುಲಭ.

ಬೆಸುಗೆ ಎಂದರೆ ಏನೇನು ಎಂದು ಬೆಂಗಳೂರಿನ ಪೀಣ್ಯದ ಯಾವ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಾದರೂ ಕೇಳಬಹುದು. ಎರಡು ತುಂಡುಗಳ ಅಂಚನ್ನು ಮೊದಲು ಗ್ರೈಂಡ್ ಮಾಡಬೇಕು. ತುಕ್ಕು, ಎಣ್ಣೆ, ಬಣ್ಣ ಏನೂ ಇರಬಾರದು. ಎರಡನ್ನೂ ಕ್ಲಾಂಪಿನಲ್ಲಿ ಬಿಗಿದು ಮೂಲೆಮಟ್ಟ ಇಟ್ಟು ನೋಡಬೇಕು. ಅಲ್ಲಲ್ಲಿ ಚುಕ್ಕೆ ಬೆಸುಗೆ ಹಾಕಿ ಮತ್ತೆ ನೋಡಬೇಕು, ಏಕೆಂದರೆ ಕಾದ ಲೋಹ ಎಳೆದುಕೊಂಡು ಸೊಟ್ಟಗಾಗುತ್ತದೆ. ಆಮೇಲೆ ಉದ್ದನೆಯ ಬೆಸುಗೆ. ರಾಡಿನ ಬೆಸುಗೆಯಾದರೆ ಸುತ್ತಿಗೆಯಿಂದ ತಟ್ಟಿ ಸ್ಲ್ಯಾಗ್ ಉದುರಿಸಬೇಕು. ಒಳಗೆ ಗುಳಿ ಬಿದ್ದಿದ್ದರೆ ಕೊರೆದು ತೆಗೆದು ಮತ್ತೆ ಶುರು. ಇದರಲ್ಲಿ ಕಿಡಿ ಹಾರುವುದು ಎರಡು ನಿಮಿಷ. ಉಳಿದದ್ದೆಲ್ಲ ಒರೆಸುವುದು, ಅಳೆಯುವುದು, ಕಾಯುವುದು. ಟಿವಿಗೆ ಬೇಕಾದದ್ದು ಆ ಎರಡು ನಿಮಿಷ. ಹತ್ತು ಕಂತು ಕಿಡಿ ನೋಡಿದ ಮೇಲೆ ಹನ್ನೊಂದನೆಯ ಕಂತಿನ ಕಿಡಿಯಲ್ಲಿ ಹೊಸದೇನೂ ಇರುವುದಿಲ್ಲ. ಅಳತೆಯ ಕಷ್ಟವನ್ನು ತೋರಿಸಿದ್ದರೆ ಪ್ರತಿ ಬೈಕಿನ ಕಷ್ಟವೂ ಬೇರೆ ಎಂಬುದು ಗೊತ್ತಾಗುತ್ತಿತ್ತು. ಅದನ್ನು ಸಂಕಲನದಲ್ಲಿ ಕತ್ತರಿಸಿ ಎಸೆದ ಮೇಲೆ ಎಲ್ಲ ಬೈಕೂ ಒಂದೇ.

ಹೀಗೆ ಕೆಲಸ ಹಿಂದೆ ಸರಿಯಿತು. ಜಗಳ ಮುಂದೆ ಬಂತು. 2008ರ ಹೊತ್ತಿಗೆ ಅಪ್ಪ ಮಗನನ್ನು ಕೆಲಸದಿಂದ ತೆಗೆದೇ ಹಾಕಿದರು. ಆಮೇಲೆ ನ್ಯಾಯಾಲಯದ ವ್ಯಾಜ್ಯ. 2010ರಲ್ಲಿ ಕಾರ್ಯಕ್ರಮದ ಹೆಸರಿಗೇ ಅಪ್ಪ ಮಗನ ಎದುರಾಳಿತನ ಸೇರಿಕೊಂಡಿತು. 2012ರಲ್ಲಿ ನಿಂತಿತು. 2018ರಲ್ಲಿ ಅವರಿಬ್ಬರ ಜಗಳದ ಕೆಲವು ಚಿತ್ರಗಳು ಮೀಮ್ ಆಗಿ ಲೋಕವೆಲ್ಲ ಸುತ್ತಿದವು. ಕುರ್ಚಿ ಎತ್ತಿ ಎಸೆಯುವ ಮನುಷ್ಯ, ಬೆರಳು ತೋರಿಸಿ ಕೂಗುವ ಮನುಷ್ಯ. ಆ ಚಿತ್ರಗಳಲ್ಲಿ ಒಂದು ಬೈಕೂ ಇಲ್ಲ.

ಕೇಳುಗರೇ, ಮೊದಲ ಕಾರಣ ಇದು. ಕೆಲಸವನ್ನು ಕಿಡಿಗೆ ಇಳಿಸಿದರೆ ಕೆಲಸ ಹಳತಾಗುತ್ತದೆ. ಆ ಜಾಗವನ್ನು ಜಗಳ ತುಂಬುತ್ತದೆ. ಜಗಳವೂ ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಹಾಡಾಗುತ್ತದೆ. ಎರಡನೆಯ ಕಾರಣ ಕೆಲಸ ಮಾಡುವ ಮನುಷ್ಯನಿಗೆ ಸಂಬಂಧಿಸಿದ್ದು.

ಹೀಥ್ರೊದ ಸರಣಿಯಲ್ಲಿ ಜೆರೆಮಿ ಸ್ಪೇಕ್ ಎಂಬಾತ ಇದ್ದ. ರಷ್ಯಾದ ಏರೋಫ್ಲಾಟ್ ಸಂಸ್ಥೆಯ ನೆಲದ ಸಿಬ್ಬಂದಿ. ವಿಮಾನ ತಪ್ಪಿಸಿಕೊಂಡವರು, ಸಾಮಾನು ಕಳೆದುಕೊಂಡವರು, ಸಿಟ್ಟಿಗೆದ್ದವರು, ಎಲ್ಲರನ್ನೂ ಆತ ಸಂಭಾಳಿಸುತ್ತಿದ್ದ ರೀತಿ ಜನರಿಗೆ ಹಿಡಿಸಿತು. ಕೆಲವೇ ವರ್ಷಗಳಲ್ಲಿ ಆತ ಬಿಬಿಸಿಯ ನಿರೂಪಕನಾದ. ಒಬ್ಬ ನೌಕರನಿಗೆ ಒಳ್ಳೆಯದಾಯಿತು, ಸರಿ. ಆದರೆ ಸರಣಿಯ ಮಟ್ಟಿಗೆ ಇದೊಂದು ಸಿಕ್ಕು. ಕ್ಯಾಮೆರಾ ತನ್ನನ್ನು ಗಮನಿಸುತ್ತಿದೆ, ಇದರಿಂದ ಬೇರೊಂದು ಬದುಕು ತೆರೆಯಬಹುದು ಎಂದು ಗೊತ್ತಾದ ಮೇಲೆ ಯಾರೂ ಮೊದಲಿನಂತೆ ಕೆಲಸ ಮಾಡುವುದಿಲ್ಲ. ಪ್ರಯಾಣಿಕನ ಜೊತೆ ಆಡುವ ಮಾತಿನಲ್ಲಿ ಅರ್ಧ ಲೆನ್ಸಿಗೆ ಆಡಿದ್ದಾಗಿರುತ್ತದೆ. ಅತ್ತ 'ಡ್ರೈವಿಂಗ್ ಸ್ಕೂಲ್' ಸರಣಿಯಲ್ಲಿ ಕಲಿಯುವ ಹೆಂಗಸು ನಡುರಾತ್ರಿ ಎದ್ದು ಗಂಡನಿಗೆ ರಸ್ತೆ ನಿಯಮ ಒಪ್ಪಿಸುವ ದೃಶ್ಯವಿತ್ತು. ಅದನ್ನು ಆಮೇಲೆ ಬೇಕೆಂದೇ ಮಾಡಿಸಿ ಚಿತ್ರೀಕರಿಸಿದ್ದು ಎಂದು ಹೊರಬಿತ್ತು. ಒಂದು ದೃಶ್ಯ ಹೀಗೆ ಸಿಕ್ಕಿಬಿದ್ದರೆ ಉಳಿದ ಎಲ್ಲದರ ಮೇಲೂ ಅನುಮಾನ.

ಕನ್ನಡದಲ್ಲಿ ಇದಕ್ಕೆ ಹತ್ತಿರದ ಪ್ರಕರಣ 'ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು'. ಸುವರ್ಣ ವಾಹಿನಿಯ ಕಾರ್ಯಕ್ರಮ. ಅಕುಲ್ ಬಾಲಾಜಿ ನಿರೂಪಕ. ನಗರದ ಹುಡುಗಿಯರು ಹಳ್ಳಿಗೆ ಹೋಗಿ ಅಲ್ಲಿನ ಕೆಲಸ ಮಾಡಬೇಕು. ಹಾಲು ಕರೆಯಬೇಕು, ಬೆರಣಿ ತಟ್ಟಬೇಕು, ಕೆಸರು ಗದ್ದೆಗೆ ಇಳಿಯಬೇಕು. ಹಸು ಒದೆಯುವುದು, ಕೆಸರಿನಲ್ಲಿ ಕಾಲು ಹೂತುಕೊಳ್ಳುವುದು, ಹಳ್ಳಿಯ ಅಜ್ಜಿ ನಗುವುದು, ಇವೆಲ್ಲ ಮೊದಮೊದಲು ನಿಜಕ್ಕೂ ಚೆನ್ನಾಗಿದ್ದವು. ಅಜ್ಜಿಗೆ ತನ್ನ ಕೆಲಸದ ಬಗ್ಗೆ ಇದ್ದ ಹೆಮ್ಮೆ ತೆರೆಯ ಮೇಲೆ ಕಾಣುತ್ತಿತ್ತು. ಇದೇ ದಾರಿ ಹಿಡಿದು 'ಹಳ್ಳಿ ಹೈದ ಪ್ಯಾಟೆಗ್ ಬಂದ' ಬಂತು. ಆಮೇಲೆ ಕಾಡಿಗೆ ಹೋಗುವ ಕಾರ್ಯಕ್ರಮವೂ ಬಂತು.

ಮುಂದಿನ ಆವೃತ್ತಿಗಳಲ್ಲಿ ಬದಲಾದದ್ದು ಹಳ್ಳಿಯಲ್ಲ, ಬರುವವರ ಉದ್ದೇಶ. ಈ ಕಾರ್ಯಕ್ರಮದಿಂದ ಧಾರಾವಾಹಿಗೆ, ಸಿನಿಮಾಕ್ಕೆ ದಾರಿ ಇದೆ ಎಂದು ಆಗಲೇ ಎಲ್ಲರಿಗೂ ಗೊತ್ತಿತ್ತು. ಹಾಲು ಕರೆಯಲು ಬಾರದಿದ್ದರೆ ಅಳಬೇಕು, ಅತ್ತರೆ ಪ್ರೋಮೊ ಆಗುತ್ತದೆ ಎಂಬ ಲೆಕ್ಕ ಕಲಿತು ಬಂದವರೇ ಹೆಚ್ಚು. ಹಾಲು ಕರೆಯುವುದನ್ನು ನಿಜವಾಗಿ ಕಲಿತವರಿಗೆ ತೆರೆಯಲ್ಲಿ ಜಾಗ ಕಡಿಮೆಯಾಯಿತು, ಏಕೆಂದರೆ ಕೆಲಸ ಸಲೀಸಾಗಿ ಮಾಡುವವರಿಂದ ನಾಟಕ ಹುಟ್ಟುವುದಿಲ್ಲ. ಆನೇಕಲ್ ಸುತ್ತಿನ ಹಳ್ಳಿಗಳಲ್ಲಿ ಇದನ್ನು ನೋಡಿದ ಹೆಂಗಸರು ಎಷ್ಟೋ ಮಂದಿ ಬೆಳಿಗ್ಗೆ ಹಸು ಕರೆದು ಡೈರಿಗೆ ಹಾಲು ಹಾಕಿ ಆಮೇಲೆ ಗಾರ್ಮೆಂಟ್ಸ್ ಬಸ್ಸು ಹತ್ತುವವರು. ಅವರ ಬದುಕಿನ ಎರಡು ಗಂಟೆಯ ಕೆಲಸ ತೆರೆಯ ಮೇಲೆ ಶಿಕ್ಷೆಯಾಗಿ ಕಾಣಿಸುತ್ತಿತ್ತು. ಇದು ಒಂದು ಸೀಸನ್ ತಮಾಷೆ. ಮೂರನೆಯ ಸಲಕ್ಕೆ ಸ್ವಲ್ಪ ಅವಮಾನ.

ಎರಡು ಕಾರಣ ಹೇಳಿಯಾಯಿತು. ಕೆಲಸ ಕಿಡಿಗೆ ಇಳಿಯುತ್ತದೆ. ಕೆಲಸಗಾರ ನಟನಾಗುತ್ತಾನೆ. ಮೂರನೆಯದು, ಯಾವುದಕ್ಕಾಗಿ ಇಷ್ಟೆಲ್ಲ ಎಂಬ ಪ್ರಶ್ನೆಗೆ ಉತ್ತರ ಮಸುಕಾಗುವುದು.

ಇದಕ್ಕೆ ಅಂಕಿಗಳ ಸಾಕ್ಷಿ ಚೆನ್ನಾಗಿ ಸಿಗುವುದು 'ದಿ ಅಪ್ರೆಂಟಿಸ್' ಕಾರ್ಯಕ್ರಮದಲ್ಲಿ. ಅಮೆರಿಕದ ಎನ್‌ಬಿಸಿ ವಾಹಿನಿ. 2004ರ ಜನವರಿ. ಡೊನಾಲ್ಡ್ ಟ್ರಂಪ್ ಆಗ ಕಟ್ಟಡ ಕಟ್ಟಿಸುವ ವ್ಯಾಪಾರಿ. ಹದಿನಾರು ಮಂದಿ ಆತನ ಸಂಸ್ಥೆಯಲ್ಲಿ ಒಂದು ಹುದ್ದೆಗಾಗಿ ಸೆಣಸಬೇಕು. ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಸಂಬಳ. ಮೊದಲ ಕಂತಿನ ಕೆಲಸ ನ್ಯೂಯಾರ್ಕಿನ ಬೀದಿಯಲ್ಲಿ ನಿಂಬೆ ಶರಬತ್ತು ಮಾರುವುದು. ದೊಡ್ಡ ಓದು ಓದಿದವರು ಬೀದಿಯಲ್ಲಿ ಗಿರಾಕಿಯನ್ನು ಕೂಗಿ ಕರೆಯಬೇಕು. ಮಾರಾಟ ಎಂದರೇನು ಎಂಬುದು ಅಲ್ಲಿ ಬೆತ್ತಲೆಯಾಗಿ ಕಂಡಿತು. ಮೊದಲ ಸೀಸನ್ನನ್ನು ವಾರಕ್ಕೆ ಸರಾಸರಿ ಎರಡು ಕೋಟಿ ಜನ ನೋಡಿದರು. ಕೊನೆಯ ಕಂತಿಗೆ ಸುಮಾರು ಎರಡು ಕೋಟಿ ಎಂಬತ್ತು ಲಕ್ಷ.

ಎರಡನೆಯ ಸೀಸನ್ನಿನಿಂದ ಇಳಿಜಾರು. ಪ್ರತಿ ಸೀಸನ್ನಿಗೂ ಒಂದಿಷ್ಟು ಲಕ್ಷ ಕಡಿಮೆ. 2007ರ ಆರನೆಯ ಸೀಸನ್ನಿನ ಹೊತ್ತಿಗೆ ಸರಾಸರಿ ಮುಕ್ಕಾಲು ಕೋಟಿ. ಮೂರು ವರ್ಷದಲ್ಲಿ ಮೂರರಲ್ಲಿ ಎರಡು ಪಾಲು ಜನ ಎದ್ದು ಹೋಗಿದ್ದರು. ಆಗಿದ್ದೇನು? ಶರಬತ್ತು ಮಾರುವ ಕೆಲಸದ ಜಾಗಕ್ಕೆ ದೊಡ್ಡ ಕಂಪನಿಗಳ ಟೂತ್‌ಪೇಸ್ಟು, ಆಟಿಕೆ ಬಂದವು. ಆ ಕಂಪನಿಗಳಿಗೆ ಅದು ಜಾಹೀರಾತು. ಕೆಲಸ ಚೆನ್ನಾಗಿ ಆಯಿತೋ ಇಲ್ಲವೋ ಎಂದು ಹೇಳುವುದು ಬೀದಿಯ ಗಿರಾಕಿಯ ಕೈಯಿಂದ ಕಂಪನಿ ಅಧಿಕಾರಿಯ ಕೈಗೆ ಹೋಯಿತು. ಎಲ್ಲ ಕಂತೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಂದು ಉದ್ದ ಮೇಜಿನ ಮುಂದೆ. ಅಲ್ಲಿ ಒಬ್ಬರ ಮೇಲೊಬ್ಬರು ದೂರು. ಯಜಮಾನನ ಬಾಯಿಂದ 'ನಿನ್ನನ್ನು ಕೆಲಸದಿಂದ ತೆಗೆದಿದ್ದೇನೆ' ಎಂಬ ಮಾತು. ಜನ ಆ ಮಾತಿಗೆ ಕಾಯತೊಡಗಿದರು. ಕಾಯುವುದು ಅಷ್ಟಕ್ಕೇ ಆದ ಮೇಲೆ ಮೊದಲ ನಲವತ್ತು ನಿಮಿಷ ನೋಡಬೇಕಾದ ಅಗತ್ಯ ಉಳಿಯಲಿಲ್ಲ.

2008ರಲ್ಲಿ ವಾಹಿನಿ ಉದ್ಯೋಗಾಕಾಂಕ್ಷಿಗಳನ್ನು ಬಿಟ್ಟು ಖ್ಯಾತನಾಮರನ್ನು ಕರೆತಂದಿತು. ಅವರಿಗೆ ಯಾವ ಕೆಲಸವೂ ಬೇಕಿರಲಿಲ್ಲ. ಹಣ ದತ್ತಿ ಸಂಸ್ಥೆಗೆ ಹೋಗುತ್ತಿತ್ತು. ಬ್ರಿಟನ್ನಿನ ಆವೃತ್ತಿ 2005ರಿಂದ ಬಿಬಿಸಿಯಲ್ಲಿ ನಡೆದಿದೆ. ಅಲ್ಲಿ ಅಲನ್ ಶುಗರ್ ಯಜಮಾನ. 2011ರಲ್ಲಿ ಅಲ್ಲೂ ನೌಕರಿಯನ್ನು ಕೈಬಿಟ್ಟರು. ಗೆದ್ದವರ ವ್ಯಾಪಾರಕ್ಕೆ ಎರಡೂವರೆ ಲಕ್ಷ ಪೌಂಡ್ ಬಂಡವಾಳ ಕೊಡುವುದು ಹೊಸ ನಿಯಮ. ಇದು ಸೋಲು ಎನ್ನುವಂತಿಲ್ಲ, ಆ ಆವೃತ್ತಿ ಇನ್ನೂ ನಡೆದಿದೆ. ಆದರೂ ಒಂದು ಮಾತು ನಿಜ. ನೌಕರಿಗಾಗಿ ನಡೆಯುವ ಸ್ಪರ್ಧೆಯಲ್ಲಿ ನೌಕರಿಯೇ ಮಾಯವಾಯಿತು. ಅತ್ತಿಬೆಲೆಯ ಗೇಟಿನ ಮುಂದೆ ಬಯೋಡೇಟಾ ಹಿಡಿದು ನಿಂತ ಡಿಪ್ಲೊಮಾ ಹುಡುಗನಿಗೆ ಕೆಲಸ ಸಿಗುವುದು, ಬಿಡುವುದು ಗಂಭೀರ ಸಂಗತಿ. ಖ್ಯಾತನಾಮರ ಸುಳ್ಳು ವಜಾದಲ್ಲಿ ಆ ಗಾಂಭೀರ್ಯ ಇರಲು ಸಾಧ್ಯವಿಲ್ಲ.

ಕೇಳುಗರೇ, ಕೆಲಸ, ಕೆಲಸಗಾರ, ಕೆಲಸದ ಫಲ. ಮೂರೂ ಸವೆಯುವ ಬಗೆಯನ್ನು ನೋಡಿದ್ದಾಯಿತು. ಸವೆಯುತ್ತಿದೆ ಎಂದು ವಾಹಿನಿಗೂ ಗೊತ್ತಾಗುತ್ತದೆ. ಆಗ ಅದು ಮಾಡುವುದು ಒಂದೇ. ಅಪಾಯವನ್ನು ಹೆಚ್ಚಿಸುತ್ತದೆ.

ಹಿಸ್ಟರಿ ವಾಹಿನಿಯ 'ಐಸ್ ರೋಡ್ ಟ್ರಕರ್ಸ್' 2007ರಲ್ಲಿ ಬಂತು. ಕೆನಡಾದಲ್ಲಿ ಹೆಪ್ಪುಗಟ್ಟಿದ ಸರೋವರಗಳ ಮೇಲೆ ಲಾರಿ ಓಡಿಸುವವರ ಕಥೆ. ಕೆಳಗೆ ನೀರು, ಮೇಲೆ ಮಂಜುಗಡ್ಡೆ, ಅದರ ಮೇಲೆ ಟನ್‌ಗಟ್ಟಲೆ ಸರಕು. ಗಡ್ಡೆ ಬಿರಿಯುವ ಸದ್ದು ಕೇಳುತ್ತಲೇ ನಿಧಾನವಾಗಿ ಸಾಗಬೇಕು. ವೇಗವಾಗಿ ಹೋದರೆ ಕೆಳಗಿನ ನೀರಿನಲ್ಲಿ ಅಲೆ ಎದ್ದು ಗಡ್ಡೆ ಒಡೆಯುತ್ತದೆ. ಇಂಥ ವಿವರ ಬೇರೆಲ್ಲೂ ಸಿಗುವುದಿಲ್ಲ. ಆದರೆ ಸರೋವರ ಎಷ್ಟು ಸಲ ದಾಟಿದರೂ ಸರೋವರವೇ. 2009ರಲ್ಲಿ ಕಾರ್ಯಕ್ರಮ ಅಲಾಸ್ಕಾಕ್ಕೆ ಹೋಯಿತು. 2010ರಲ್ಲಿ ಅದರ ಉಪಸರಣಿಯೊಂದು ಭಾರತಕ್ಕೇ ಬಂತು. ಉತ್ತರ ಅಮೆರಿಕದ ಲಾರಿ ಚಾಲಕರು ಹಿಮಾಚಲದ ಘಟ್ಟದ ದಾರಿಯಲ್ಲಿ ನಮ್ಮ ಲಾರಿ ಓಡಿಸಿದರು. ಅದಕ್ಕೆ ಕೊಟ್ಟ ಹೆಸರಿನ ಅರ್ಥ 'ಅತಿ ಮಾರಕ ರಸ್ತೆಗಳು'.

ಆ ರಸ್ತೆಗಳಲ್ಲಿ ದಿನವೂ ಸಾವಿರಾರು ಚಾಲಕರು ಸೇಬು, ಸಿಮೆಂಟು, ಸೀಮೆಎಣ್ಣೆ ಸಾಗಿಸುತ್ತಾರೆ. ಪಕ್ಕದಲ್ಲಿ ಕ್ಲೀನರ್ ಹುಡುಗ ಕೂತು ಚಕ್ರದ ಅಂಚು ನೋಡಿ ಹೇಳುತ್ತಿರುತ್ತಾನೆ. ಅವರಿಗೆ ಅದು ಪಾಳಿ. ಹೊರಗಿನವನಿಗೆ ಮಾತ್ರ ಸಾಹಸ. ಅತ್ತಿಬೆಲೆಯ ಹೆದ್ದಾರಿಯ ಅಂಚಿನಲ್ಲಿ ಸಾಲುಗಟ್ಟಿ ನಿಂತ ಲಾರಿಗಳ ಚಾಲಕರನ್ನು ಕೇಳಿದರೆ ನಿಜವಾದ ಅಪಾಯದ ಪಟ್ಟಿ ಬೇರೆಯೇ ಸಿಗುತ್ತದೆ. ನಿದ್ದೆ ಕೆಟ್ಟ ಕಣ್ಣು, ಸವೆದ ಟೈರು, ಮಿತಿ ಮೀರಿದ ಲೋಡು, ಬಾಡಿಗೆ ಬಾಕಿ. ಇವುಗಳಿಗೆ ಹಿನ್ನೆಲೆ ಸಂಗೀತ ಹಾಕುವುದು ಕಷ್ಟ. ಸರಣಿ 2017ರವರೆಗೆ ಎಳೆಯಿತು. ಆ ಹೊತ್ತಿನ ಸೀಸನ್ನುಗಳಲ್ಲಿ ಯಾವ ತಿರುವು ಬಂದರೂ ಜಾಹೀರಾತಿಗೆ ಮುಂಚೆ ಲಾರಿ ಜಾರುವಂತೆ ಕಾಣುತ್ತಿತ್ತು. ಜಾಹೀರಾತು ಮುಗಿದ ಮೇಲೆ ಏನೂ ಆಗಿರುತ್ತಿರಲಿಲ್ಲ. ಬೆದರುಬೊಂಬೆಗೆ ಹಕ್ಕಿಗಳು ಎಷ್ಟು ದಿನ ಹೆದರುತ್ತವೆಯೋ ನೋಡುಗರೂ ಅಷ್ಟೇ ದಿನ.

ಇಷ್ಟು ಹೇಳಿದ ಮೇಲೆ ಒಂದು ಅಪವಾದವನ್ನೂ ಹೇಳಬೇಕು. 'ಡೆಡ್ಲಿಯೆಸ್ಟ್ ಕ್ಯಾಚ್' 2005ರಿಂದ ಇಪ್ಪತ್ತು ವರ್ಷ ಉಳಿದುಕೊಂಡಿದೆ. ಅಲಾಸ್ಕಾದ ಬೇರಿಂಗ್ ಸಮುದ್ರದಲ್ಲಿ ಏಡಿ ಹಿಡಿಯುವ ದೋಣಿಗಳ ಕಥೆ ಅದು. ಅಲ್ಲಿ ಮೊದಲು ಕೆಲವೇ ದಿನಗಳ ಮೀನುಗಾರಿಕೆ ಅವಧಿ ಇರುತ್ತಿತ್ತು. ಇನ್ನೂರೈವತ್ತರಷ್ಟು ದೋಣಿಗಳು ಒಟ್ಟಿಗೆ ನುಗ್ಗುತ್ತಿದ್ದವು. ಬಿರುಗಾಳಿ ಇದ್ದರೂ ಹೋಗಲೇಬೇಕು, ಇಲ್ಲದಿದ್ದರೆ ಪಕ್ಕದವನು ಬಾಚಿಕೊಂಡು ಹೋಗುತ್ತಾನೆ. ಸಾವುಗಳು ಆಗುತ್ತಿದ್ದವು. 2005ರಲ್ಲಿ ಸರ್ಕಾರ ಪ್ರತಿ ದೋಣಿಗೂ ಪಾಲು ಗೊತ್ತು ಮಾಡಿತು. ದೋಣಿಗಳು ನೂರಕ್ಕಿಂತ ಕೆಳಗಿಳಿದವು. ಧಾವಂತ ತಗ್ಗಿತು, ಜೀವ ಉಳಿಯಿತು. ಎಷ್ಟೋ ಡೆಕ್ ಕೆಲಸಗಾರರ ಕೆಲಸವೂ ಹೋಯಿತು. ಸರಣಿಯ ನಾಯಕರಲ್ಲಿ ಒಬ್ಬರಾದ ಫಿಲ್ ಹ್ಯಾರಿಸ್ 2010ರಲ್ಲಿ ತೀರಿಕೊಂಡರು. ಅದನ್ನು ತೋರಿಸಿದ ಕಂತಿಗೆ ಎಂಬತ್ತು ಲಕ್ಷಕ್ಕೂ ಹೆಚ್ಚು ನೋಡುಗರು ಇದ್ದರು. 2021ರಲ್ಲಿ ಕೆಂಪು ಏಡಿ ಹಿಡಿಯುವುದನ್ನೇ ನಿಲ್ಲಿಸಲಾಯಿತು. ಮರುವರ್ಷ ಹಿಮ ಏಡಿಗೂ ತಡೆ ಬಿತ್ತು, ಸಮುದ್ರ ಬಿಸಿಯಾಗಿ ಕೋಟಿಗಟ್ಟಲೆ ಏಡಿ ಇಲ್ಲವಾಗಿದ್ದವು.

ಈ ಸರಣಿಯಲ್ಲೂ ಜಗಳ ಇದೆ, ಬೇಕೆಂದೇ ಹಿಗ್ಗಿಸಿದ ಕ್ಷಣಗಳಿವೆ. ಆದರೂ ಬಾಳಿದ್ದಕ್ಕೆ ಕಾರಣ ಗೊತ್ತಾಗುತ್ತದೆ. ಕೆಲಸವೇ ವರ್ಷವರ್ಷ ಬದಲಾಯಿತು. ಬದಲಾಯಿಸಿದವರು ನಿರ್ಮಾಪಕರಲ್ಲ. ಕಾನೂನು, ಸಮುದ್ರ, ವಯಸ್ಸು.

ಇಷ್ಟು ಹೊರಗಿನ ಮಾತಾಯಿತು. ಕನ್ನಡದಲ್ಲಿ ಗ್ಯಾರೇಜಿನ, ದೋಣಿಯ, ಕಾರ್ಖಾನೆಯ ಕಾರ್ಯಕ್ರಮ ಏಕೆ ಬೆಳೆಯಲಿಲ್ಲ ಎಂದು ಕೇಳಬಹುದು. ಬಹುಕಾಲ ಡಬ್ಬಿಂಗಿಗೆ ಕರ್ನಾಟಕದಲ್ಲಿ ವಿರೋಧವಿತ್ತು. 2012ರಲ್ಲಿ ಆಮಿರ್ ಖಾನ್ ಅವರ 'ಸತ್ಯಮೇವ ಜಯತೇ' ಹಲವು ಭಾಷೆಗಳಲ್ಲಿ ಬಂದರೂ ಕನ್ನಡಕ್ಕೆ ಬರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಆ ಬೇಲಿ ಸಡಿಲಾಯಿತು. ಅಲ್ಲಿಯವರೆಗೆ ಡಿಸ್ಕವರಿಯಂಥ ವಾಹಿನಿಗಳನ್ನು ಕನ್ನಡಿಗರು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ನೋಡಿಕೊಂಡರು, ಕನ್ನಡದಲ್ಲಿ ಅಂಥ ಮಾದರಿ ಕಣ್ಣ ಮುಂದೆ ಇರಲಿಲ್ಲ. ಇನ್ನೊಂದು ಕಾರಣವೂ ಇದೆ. ಕಾರ್ಖಾನೆಯ ಒಳಗೆ ಕ್ಯಾಮೆರಾ ಬಿಡುವವರು ಯಾರು? ಅತ್ತಿಬೆಲೆಯ ಎಷ್ಟೋ ಕಂಪನಿಗಳಲ್ಲಿ ನೌಕರರ ಫೋನನ್ನೇ ಗೇಟಿನಲ್ಲಿ ಇಟ್ಟುಕೊಳ್ಳುತ್ತಾರೆ.

ಆದ್ದರಿಂದ ಕನ್ನಡ ವಾಹಿನಿಗಳು ಕೆಲಸದ ಜಾಗವನ್ನು ತಾವೇ ಕಟ್ಟಿದವು. ಕನ್ನಡದ 'ಬಿಗ್ ಬಾಸ್' 2013ರಲ್ಲಿ ಈಟಿವಿ ಕನ್ನಡದಲ್ಲಿ ಆರಂಭವಾಯಿತು. ನಿರೂಪಕ ಸುದೀಪ್. ಸ್ಪರ್ಧಿಗಳನ್ನು ಕೂಡಿಹಾಕುವ ಮೊದಲ ಮನೆ ಲೋನಾವಳದಲ್ಲಿತ್ತು, ಆಮೇಲೆ ಬಿಡದಿಗೆ ಬಂತು. ಅದನ್ನು ಮನೆ ಎನ್ನುತ್ತಾರೆ. ಒಳಗಿನ ನಿಯಮಗಳನ್ನು ನೋಡಿದರೆ ಶಾಪ್ ಫ್ಲೋರಿನ ಹಾಗೆಯೇ ಇದೆ. ಕ್ಯಾಪ್ಟನ್ ಇದ್ದಾನೆ, ಟಾಸ್ಕ್ ಇದೆ, ಟಾಸ್ಕಿಗೆ ತಕ್ಕ ದಿನಸಿ ಇದೆ. ವಾರದ ಕೊನೆಗೆ ಉತ್ತಮ, ಕಳಪೆ ಎಂದು ಗುರುತಿಸುವುದಿದೆ. ಕಳಪೆ ಎನಿಸಿಕೊಂಡವರು ಜೈಲು ಸೇರಿ ರಾಗಿ ಗಂಜಿ ಕುಡಿಯಬೇಕು, ತರಕಾರಿ ಹೆಚ್ಚಿಕೊಡಬೇಕು. ಶನಿವಾರ ನಿರೂಪಕನೆಂಬ ಮೇಲಧಿಕಾರಿಯ ಎದುರು ವಿಚಾರಣೆ. ವಾರ್ಷಿಕ ಅಪ್ರೈಸಲ್ ಎದುರಿಸಿದ ಎಲೆಕ್ಟ್ರಾನಿಕ್ ಸಿಟಿಯ ನೌಕರರಿಗೆ ಇದರಲ್ಲಿ ಹೊಸತೇನೂ ಇಲ್ಲ. ಅವರು ಇಷ್ಟಪಟ್ಟು ನೋಡುವುದಕ್ಕೂ ಇದೇ ಕಾರಣ ಇರಬಹುದು. ಅಂದಹಾಗೆ ರಾಗಿ ಗಂಜಿ ಶಿಕ್ಷೆಯಾಗಿರುವುದು ಆನೇಕಲ್ ಕಡೆಯವರಿಗೆ ಅರ್ಥವಾಗದ ಮಾತು.

ಈ ಕಾರ್ಯಕ್ರಮ ಹನ್ನೆರಡು ಸೀಸನ್ ದಾಟಿತು. ಅದಕ್ಕೆ ಒಂದು ಅನುಕೂಲವಿದೆ. ಪ್ರತಿ ವರ್ಷ ಒಳಗಿನವರೆಲ್ಲ ಬದಲಾಗುತ್ತಾರೆ. ಗ್ಯಾರೇಜಿನ ಅಪ್ಪ ಮಗನನ್ನು ಹಾಗೆ ಬದಲಾಯಿಸಲು ಬರುವುದಿಲ್ಲ. ಇನ್ನೊಂದು ಸಂಗತಿ ಗಮನಿಸಬೇಕು. ಆರನೆಯ ಸೀಸನ್ ಗೆದ್ದ ಶಶಿ ಕುಮಾರ್ ರೈತನೆಂದು ಪರಿಚಯವಾದವರು. ಹನ್ನೊಂದನೆಯದನ್ನು ಗೆದ್ದ ಹನುಮಂತ ಹಾವೇರಿ ಜಿಲ್ಲೆಯ ಕುರಿಗಾಹಿ ಗಾಯಕ. ಕೈಯಲ್ಲಿ ಒಂದು ಕಸುಬು ಇರುವವರನ್ನು ಕನ್ನಡದ ನೋಡುಗರು ಮತ್ತೆ ಮತ್ತೆ ಎತ್ತಿ ಹಿಡಿದಿದ್ದಾರೆ. ಆದರೆ ನೂರು ದಿನ ಆ ಮನೆಯಲ್ಲಿ ಹೊಲವೂ ಇಲ್ಲ, ಕುರಿಯೂ ಇಲ್ಲ. ಕಸುಬು ಪರಿಚಯದ ಒಂದು ಸಾಲಾಗಿ, ತಲೆಯ ಮೇಲಿನ ರುಮಾಲಾಗಿ ಉಳಿಯುತ್ತದೆ.

ಆ ಮನೆಯಲ್ಲಿ ನಿಜವಾದ ಕೆಲಸ ಮಾಡುವವರು ತೆರೆಗೆ ಬರುವುದೇ ಇಲ್ಲ. ಇಪ್ಪತ್ನಾಲ್ಕು ಗಂಟೆ ಕ್ಯಾಮೆರಾ ಓಡಬೇಕೆಂದರೆ ಅಲ್ಲೂ ಶಿಫ್ಟುಗಳಿವೆ. ಕನ್ನಡಿಯ ಹಿಂದಿನ ಕತ್ತಲಲ್ಲಿ ಕ್ಯಾಮೆರಾ ಹಿಡಿದವರು, ಧ್ವನಿ ಕೇಳುತ್ತ ಕೂತವರು, ಇಡೀ ದಿನದ ಚಿತ್ರವನ್ನು ಒಂದು ಕಂತಿಗೆ ಇಳಿಸುವ ಸಂಕಲನಕಾರರು. 2025ರ ಅಕ್ಟೋಬರಿನಲ್ಲಿ ಇವರ ಇರವು ಒಮ್ಮೆಲೇ ಸುದ್ದಿಯಾಯಿತು. ಪರಿಸರ ನಿಯಮ ಪಾಲಿಸಿಲ್ಲ ಎಂಬ ಕಾರಣಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಂತೆ ಆ ಮನೆ ಇದ್ದ ಬಿಡದಿಯ ಸ್ಟುಡಿಯೊಗೆ ಬೀಗ ಬಿತ್ತು. ಸ್ಪರ್ಧಿಗಳನ್ನು ರೆಸಾರ್ಟಿಗೆ ಕರೆದೊಯ್ದರು. ನೂರಾರು ತಂತ್ರಜ್ಞರ ಕೆಲಸ ಏನಾಗುತ್ತದೆ ಎಂದು ಚರ್ಚೆಯಾಯಿತು. ಒಳಚರಂಡಿ ನೀರಿನ ಸಂಸ್ಕರಣೆ, ತ್ಯಾಜ್ಯ, ಅನುಮತಿ ಪತ್ರ. ಒಂದು ಕಾರ್ಖಾನೆ ನಡೆಸುವವರಿಗೆ ಇರುವ ತಲೆನೋವುಗಳೆಲ್ಲ ಅಲ್ಲೂ ಇದ್ದವು. ಒಂದೆರಡು ದಿನದಲ್ಲೇ ಬೀಗ ತೆರೆಯಿತು. ಕಾರ್ಯಕ್ರಮ ಮುಂದುವರಿಯಿತು. ಆ ದಿನಗಳಲ್ಲಿ ಸುದ್ದಿ ವಾಹಿನಿಗಳಲ್ಲಿ ಓಡಿದ್ದು ಕಾರ್ಯಕ್ರಮಕ್ಕಿಂತ ಹೆಚ್ಚು ಕುತೂಹಲದ ಕೆಲಸದ ಕಥೆಯಾಗಿತ್ತು ಎಂದರೆ ತಪ್ಪಾಗಲಾರದು.

ಕೊನೆಯದಾಗಿ, ಈ ಕಾರ್ಯಕ್ರಮಗಳು ನಿಲ್ಲುವ ಕ್ರಮ. ಸಾಮಾನ್ಯವಾಗಿ ಯಾರೂ ಘೋಷಿಸುವುದಿಲ್ಲ. ಮೊದಲು ಸಮಯ ಬದಲಾಗುತ್ತದೆ, ರಾತ್ರಿ ಒಂಬತ್ತರಿಂದ ಹನ್ನೊಂದಕ್ಕೆ. ಆಮೇಲೆ ಹಳೆಯ 'ಅತ್ಯುತ್ತಮ ಕ್ಷಣ'ಗಳನ್ನು ಜೋಡಿಸಿದ ಕಂತುಗಳು. ಆಮೇಲೆ ಮಧ್ಯಾಹ್ನದ ಮರುಪ್ರಸಾರ. ಖರ್ಚು ಕಡಿಮೆ ಇರುವುದರಿಂದ ನೋಡುವವರು ಅರ್ಧಕ್ಕೆ ಇಳಿದರೂ ವಾಹಿನಿಗೆ ನಷ್ಟವಿಲ್ಲ, ಹಾಗಾಗಿ ಸಪ್ಪೆಯಾದ ಮೇಲೂ ವರ್ಷಗಟ್ಟಲೆ ಎಳೆಯುತ್ತದೆ. ನಿಂತದ್ದು ಮರಳಿ ಬರುವುದೂ ಇದೆ. 'ಅಮೆರಿಕನ್ ಚಾಪರ್' 2018ರಲ್ಲಿ ಮತ್ತೆ ಬಂತು, ಹೆಚ್ಚು ಕಾಲ ನಿಲ್ಲಲಿಲ್ಲ. ಕನ್ನಡದಲ್ಲಿ 2025ರಲ್ಲಿ ಜೀ ಪವರ್ ವಾಹಿನಿ ಆರಂಭವಾದಾಗ 'ಹಳ್ಳಿ ಪವರ್' ಎಂಬ ಕಾರ್ಯಕ್ರಮ ಬಂತು. ನಗರದ ಹುಡುಗಿಯರು, ಹಳ್ಳಿಯ ಕೆಲಸ. ನಿರೂಪಕ ಅದೇ ಅಕುಲ್ ಬಾಲಾಜಿ. 'ಹಳ್ಳಿ ಲೈಫು' ನೋಡಿದಾಗ ಶಾಲೆಯಲ್ಲಿದ್ದ ಮಕ್ಕಳು ಈಗ ಸಂಬಳ ಎಣಿಸುವವರಾಗಿದ್ದಾರೆ. ಅವರಿಗಿಂತ ಚಿಕ್ಕವರಿಗೆ ಹಸುವಿನ ಒದೆ ಹೊಸದು.